ಕೂಲರ್ ಇತ್ತು, ಒತ್ತು ಇರಲಿಲ್ಲ

ಕಳೆದ ಏಪ್ರಿಲ್ ಕೊನೆಯ ವಾರ ದಾವಣಗೆರೆಯ ಅಕ್ಕನ ಮನೆಗೆ ಹೋಗಿದ್ದಾಗ, ಭಾವ ನನ್ನನ್ನು ಕಾಫಿ ಮುಗಿಸಲೂ ಬಿಡದೆ ತಮ್ಮ ಡಿಟಿಪಿ ಅಂಗಡಿಗೆ ಕರೆದುಕೊಂಡು ಹೋದರು. ಮದುವೆಗಳ ಕಾಲವಾದ್ದರಿಂದ ಮೇಜಿನ ತುಂಬ ಲಗ್ನಪತ್ರಿಕೆಗಳ ಕರಡುಗಳು ಹರಡಿದ್ದವು. ಅವನ್ನು ಮುದ್ರಣಕ್ಕೆ ಸಿದ್ಧಪಡಿಸಬೇಕಾದ ಕಂಪ್ಯೂಟರ್ ಮಾತ್ರ ಗಾಣಕ್ಕೆ ಕಟ್ಟಿದ ಮುದಿ ಎತ್ತಿನಂತೆ ಕಾಲೆಳೆಯುತ್ತಿತ್ತು. ಒಂದು ಪತ್ರಿಕೆಯನ್ನು ಪಿಡಿಎಫ್ ಮಾಡಲು ಸುಮಾರು 50 ಸೆಕೆಂಡ್, ಅಷ್ಟು ಹೊತ್ತೂ ಫ್ಯಾನಿನ ಅಬ್ಬರ, ಅದರ ಮೇಲೆ ಮಧ್ಯಾಹ್ನ ಎರಡರ ನಂತರ ದಿನಕ್ಕೊಮ್ಮೆಯಾದರೂ ಹೇಳದೆ ಕೇಳದೆ ಆರಿಹೋಗುವುದು. ರಿಪೇರಿಯವರೊಬ್ಬರು ಎರಡು ಸಲ ವಿಂಡೋಸ್ ಹೊಸದಾಗಿ ಹಾಕಿಕೊಟ್ಟಿದ್ದರು, ಇನ್ನೊಬ್ಬರು 8 ಜಿಬಿ ಇದ್ದ ರ‍್ಯಾಮನ್ನು 16 ಜಿಬಿ ಮಾಡಿಸಿದ್ದರು, ಮೂರನೆಯವರು ಕಂಪ್ಯೂಟರಿಗೆ ವಿದ್ಯುತ್ತು ಒದಗಿಸುವ ಎಸ್‌ಎಂಪಿಎಸ್ ಬದಲಿಸಬೇಕೆಂದು ಹೇಳಿ ಹೋಗಿದ್ದರು. "ಇನ್ನು ಬದಲಿಸೋಕೆ ಉಳಿದಿರೋದು ಈ ಅಂಗಡಿ ಒಂದೇ ನೋಡಪ್ಪ" ಎಂದರು ಭಾವ.

ನಾನು ಮೊದಲು ಮಾಡಿದ್ದು ಉಷ್ಣಾಂಶ ತೋರಿಸುವ ಒಂದು ಸಣ್ಣ ಉಚಿತ ತಂತ್ರಾಂಶವನ್ನು ಇಳಿಸಿಕೊಂಡು ಅದರ ಕಿಟಕಿಯನ್ನು ಪರದೆಯ ಮೂಲೆಯಲ್ಲಿ ಇಟ್ಟುಕೊಂಡದ್ದು. ಕಂಪ್ಯೂಟರಿನ ಲೆಕ್ಕವನ್ನೆಲ್ಲ ಮಾಡುವ ಚಿಪ್ಪು, ಅಂದರೆ ಪ್ರೊಸೆಸರ್, ಆರು ಕೋರ್‌ಗಳ (ಒಟ್ಟಿಗೆ ದುಡಿಯುವ ಆರು ಘಟಕಗಳ), 65 ವಾಟ್ ದರ್ಜೆಯ ಸಾಧಾರಣದ್ದು. ಏನೂ ಕೆಲಸ ಕೊಡದೆ ಸುಮ್ಮನೆ ಬಿಟ್ಟಾಗಲೇ 58 ಡಿಗ್ರಿ ತೋರಿಸುತ್ತಿತ್ತು. ಪಿಡಿಎಫ್ ಮಾಡಲು ಗುಂಡಿ ಒತ್ತಿದ್ದೇ ತಡ, ಕಣ್ಣು ಮಿಟುಕಿಸುವಷ್ಟರಲ್ಲಿ ಅಂಕಿ 100ಕ್ಕೆ ಹಾರಿ ಅಲ್ಲಿಯೇ ಅಂಟಿಕೊಂಡಿತು, ಪಕ್ಕದ ಕಂಬಸಾಲಿನಲ್ಲಿ ವೇಗವು 4 ಗಿಗಾಹರ್ಟ್ಸ್‌ನ ಆಸುಪಾಸಿನಿಂದ 2.2ಕ್ಕೆ ಕುಸಿಯಿತು, ವಿದ್ಯುತ್ತಿನ ಬಳಕೆ 65 ವಾಟ್ ಇರಬೇಕಾದಲ್ಲಿ 28ಕ್ಕೆ ನಿಂತಿತು. ಅಂಗಡಿಯ ಮೇಲ್ಛಾವಣಿ ತಗಡಿನದು, ಒಳಗಿನ ಉಷ್ಣಾಂಶ 35 ಡಿಗ್ರಿ. ಬೇಸಿಗೆಯೇ ಕಾರಣ ಎಂದು ಭಾವ ಆಗಲೇ ತೀರ್ಮಾನಿಸಿಬಿಟ್ಟಿದ್ದರು. ಆದರೆ ಕೋಣೆ ಹತ್ತು ಡಿಗ್ರಿ ಹೆಚ್ಚು ಬಿಸಿಯಾದರೆ ಪ್ರೊಸೆಸರ್ ಕೂಡ ಹೆಚ್ಚುಕಡಿಮೆ ಅಷ್ಟೇ ಹತ್ತು ಡಿಗ್ರಿ ಏರುತ್ತದೆ. ಬೆಂಗಳೂರಿನ ಡಿಸೆಂಬರಿನಲ್ಲಿ ಇಟ್ಟರೂ ಈ ಯಂತ್ರ 28 ವಾಟ್‌ಗೆ ಎಂಬತ್ತೈದರ ಸುತ್ತಮುತ್ತ ಇರಬೇಕಾಗಿತ್ತು, ಪೂರ್ತಿ ಕೆಲಸ ಕೊಟ್ಟರೆ ಅಲ್ಲಿಯೂ ನೂರನ್ನೇ ಮುಟ್ಟಬೇಕಾಗಿತ್ತು.

ಸಿಪಿಯು ಎಂದರೆ ಪ್ರೊಸೆಸರ್ ಮಾತ್ರ, ಆದರೆ ನಮ್ಮಲ್ಲಿ ಇಡೀ ಡಬ್ಬಿಯನ್ನೇ ಹಾಗೆ ಕರೆಯುವ ರೂಢಿ ಇರುವುದರಿಂದ "ಸಿಪಿಯು ಬಿಸಿಯಾಗಿದೆ" ಎಂಬ ಮಾತಿಗೆ ಒಬ್ಬೊಬ್ಬರು ಒಂದೊಂದು ಅರ್ಥ ಮಾಡಿಕೊಳ್ಳುತ್ತಾರೆ. ರಿಪೇರಿಗೆ ಬಂದವರು ಡಬ್ಬಿಯ ಮೇಲೆ ಕೈಯಿಟ್ಟು ನೋಡಿ, ಅಷ್ಟೇನೂ ಬಿಸಿ ಇಲ್ಲವೆಂದು ಹೇಳಿದ್ದರಂತೆ. ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಾನು ಪಕ್ಕದ ತಗಡು ಬಿಚ್ಚಿ, ಕೆಲಸ ನಡೆಯುತ್ತಿರುವಾಗಲೇ ಫ್ಯಾನಿಗೆ ತಾಗದಂತೆ ಬೆರಳನ್ನು, ಪ್ರೊಸೆಸರಿನ ಮೇಲೆ ಕೂತು ಅದರ ಶಾಖವನ್ನು ಹೊರಹಾಕುವ ಕೂಲರಿನ ಅಲ್ಯೂಮಿನಿಯಂ ರೆಕ್ಕೆಗಳ ಬುಡಕ್ಕೆ ಒತ್ತಿ ಹಿಡಿದೆ. ಪರದೆಯ ಮೇಲೆ 100 ಡಿಗ್ರಿ. ಬೆರಳಿಗೆ ಹತ್ತಿದ್ದು ಬಾಣಂತಿಯ ನೀರಿಗಿಂತಲೂ ಕಡಿಮೆಯ ಬಿಸಿ. ನೂರು ಡಿಗ್ರಿಯ ವಸ್ತುವಿನ ಮೇಲೆ ಒತ್ತಿ ಕೂತಿರಬೇಕಾದ ಲೋಹ ಬೆಚ್ಚಗೆ ಮಾತ್ರ ಇದೆಯೆಂದರೆ ಅದು ಒತ್ತಿ ಕೂತಿಲ್ಲವೆಂದೇ ಅರ್ಥ. ರೋಗ ಅಲ್ಲಿಗೆ ಗೊತ್ತಾಯಿತು.

ದಾವಣಗೆರೆಯಲ್ಲಿ ಕೂತು ಬರೆಯುವವನು ದೋಸೆಯ ಉದಾಹರಣೆ ಬಿಟ್ಟು ಬೇರೆ ಹುಡುಕಬೇಕಾಗಿಲ್ಲ. ಕಾವಲಿಯ ಮೇಲೆ ಹಿಟ್ಟು ಹಾಸಿದಾಗ ಎಲ್ಲಿ ಅದು ಕಾವಲಿಗೆ ಕಚ್ಚಿಕೊಂಡಿರುತ್ತದೆಯೋ ಅಲ್ಲಿ ಹೊಂಬಣ್ಣಕ್ಕೆ ತಿರುಗುತ್ತದೆ. ಎಲ್ಲಿ ಸ್ವಲ್ಪ ಉಬ್ಬಿ ಕೆಳಗೆ ಗಾಳಿ ಸೇರಿಕೊಂಡಿರುತ್ತದೆಯೋ ಅಲ್ಲಿ ಬಿಳಿಚಿಕೊಂಡೇ ಉಳಿಯುತ್ತದೆ. ಕಾವಲಿಯ ಬಿಸಿ ಎರಡೂ ಕಡೆ ಒಂದೇ, ನಡುವಿನ ಕೂದಲೆಳೆಯಷ್ಟು ಗಾಳಿಯೇ ವ್ಯತ್ಯಾಸ. ಶಾಖವನ್ನು ಸಾಗಿಸುವ ಗುಣವನ್ನು ಮೀಟರಿಗೆ, ಒಂದು ಡಿಗ್ರಿಗೆ ಇಷ್ಟು ವಾಟ್ ಎಂದು ಅಳೆಯುತ್ತಾರೆ. ಆ ಅಳತೆಯಲ್ಲಿ ತಾಮ್ರ ಸುಮಾರು 400, ಅಲ್ಯೂಮಿನಿಯಂ ಸುಮಾರು 237, ಗಾಳಿ ಬರೀ 0.026. ಅಂದರೆ ತಾಮ್ರಕ್ಕೂ ಗಾಳಿಗೂ ನಡುವೆ ಹದಿನೈದು ಸಾವಿರ ಪಟ್ಟು ಅಂತರವಿದೆ. ಪ್ರೊಸೆಸರಿನ ಲೋಹದ ಮುಚ್ಚಳವೂ ಕೂಲರಿನ ತಳವೂ ಕಣ್ಣಿಗೆ ಕನ್ನಡಿಯಂತೆ ಸಪಾಟಾಗಿ ಕಂಡರೂ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಎರಡೂ ಉಬ್ಬುತಗ್ಗುಗಳ ಬಯಲೇ. ಒಂದರ ಮೇಲೊಂದು ಇಟ್ಟಾಗ ನಿಜವಾಗಿ ಲೋಹಕ್ಕೆ ಲೋಹ ತಾಗುವುದು ಅಲ್ಲೊಂದು ಇಲ್ಲೊಂದು ತುದಿಯಲ್ಲಿ ಮಾತ್ರ. ಉಳಿದ ಸಂದುಗಳಿಂದ ಗಾಳಿಯನ್ನು ಹೊರದೂಡಿ ಆ ಜಾಗವನ್ನು ತುಂಬುವುದಕ್ಕಾಗಿಯೇ ಥರ್ಮಲ್ ಪೇಸ್ಟ್ ಹಾಕುತ್ತಾರೆ. ಪೇಸ್ಟಿನ ವಾಹಕತೆ ತಾಮ್ರದ ಮುಂದೆ ಏನೂ ಅಲ್ಲ, ಬೆರಳೆಣಿಕೆಯ ಅಂಕಿಗಳಲ್ಲಿ ಇರುತ್ತದೆ, ಆದರೂ ಗಾಳಿಗಿಂತ ನೂರಾರು ಪಟ್ಟು ಮೇಲು.

ಇದನ್ನು ಒಮ್ಮೆ ಲೆಕ್ಕ ಹಾಕಿ ನೋಡಿದರೆ ವಿಷಯ ಮನಸ್ಸಿಗೆ ನಾಟುತ್ತದೆ. ಸುಲಭವಾಗಲೆಂದು ಶಾಖ ದಾಟಿಹೋಗುವ ಜಾಗವನ್ನು 3 ಸೆಂಟಿಮೀಟರ್ ಉದ್ದ, 3 ಸೆಂಟಿಮೀಟರ್ ಅಗಲ ಎಂದಿಟ್ಟುಕೊಳ್ಳೋಣ, ದಾಟಬೇಕಾದ ಶಾಖ 65 ವಾಟ್, ನಡುವಿನ ಪದರ ಮಿಲಿಮೀಟರಿನ ಹತ್ತನೆಯ ಒಂದು ಭಾಗದಷ್ಟು ದಪ್ಪ. ಆ ಪದರ ವಾಹಕತೆ 5 ಇರುವ ಪೇಸ್ಟಿನದಾದರೆ ಅದರ ಎರಡು ಬದಿಗಳ ನಡುವೆ ಒಂದೂವರೆ ಡಿಗ್ರಿಯಷ್ಟು ವ್ಯತ್ಯಾಸ ಉಂಟಾಗುತ್ತದೆ. ಅಷ್ಟೇ ದಪ್ಪದ ಗಾಳಿಯಾದರೆ ಲೆಕ್ಕ 270 ಡಿಗ್ರಿಯನ್ನೂ ದಾಟುತ್ತದೆ. ನಿಜವಾದ ಯಂತ್ರದಲ್ಲಿ ಅಂಥ ಬಿಸಿ ಬರುವುದಿಲ್ಲ, ಏಕೆಂದರೆ ಎಲ್ಲೋ ಒಂದು ಕಡೆ ಪೇಸ್ಟ್ ತಾಗಿಯೇ ಇರುತ್ತದೆ, ಅದಕ್ಕಿಂತ ಮುಂಚೆ ಪ್ರೊಸೆಸರೇ ಎಚ್ಚೆತ್ತುಕೊಳ್ಳುತ್ತದೆ. ಭಾವನ ಯಂತ್ರದ ಅಂಕಿಗಳನ್ನೇ ತೆಗೆದುಕೊಂಡರೆ, ಕೋಣೆಯ 35ರಿಂದ ಪ್ರೊಸೆಸರಿನ 100ರವರೆಗೆ 65 ಡಿಗ್ರಿ ಏರಿಕೆ, ಅದಕ್ಕೆ ಕಾರಣವಾದದ್ದು 28 ವಾಟ್. ಅಂದರೆ ಪ್ರತಿ ವಾಟ್‌ಗೆ 2.3 ಡಿಗ್ರಿ. ಅದೇ ಸಾಧಾರಣ ಕೂಲರ್ ಸರಿಯಾಗಿ ಕೂತಿದ್ದರೆ ಪ್ರತಿ ವಾಟ್‌ಗೆ ಮುಕ್ಕಾಲು ಡಿಗ್ರಿಯ ಒಳಗೇ ಇರಬೇಕಾಗಿತ್ತು.

ಪ್ರೊಸೆಸರ್ ಎಚ್ಚೆತ್ತುಕೊಳ್ಳುವ ಬಗೆಯೇ ಈ ದೋಷವನ್ನು ಮರೆಮಾಚುತ್ತದೆ. ಇಂದಿನ ಪ್ರೊಸೆಸರ್‌ಗಳ ಪ್ರತಿ ಕೋರಿನೊಳಗೂ ಉಷ್ಣಾಂಶವನ್ನು ಅಳೆಯುವ ಸಂವೇದಕಗಳಿರುತ್ತವೆ. ತಯಾರಕರು ಗೊತ್ತುಪಡಿಸಿದ ಮಿತಿ, ಬಹಳಷ್ಟು ಮಾದರಿಗಳಲ್ಲಿ 95 ಅಥವಾ 100 ಡಿಗ್ರಿ, ಮುಟ್ಟಿದ ಕೂಡಲೇ ಪ್ರೊಸೆಸರ್ ತನ್ನ ವೇಗವನ್ನೂ ವೋಲ್ಟೇಜನ್ನೂ ತಾನೇ ಇಳಿಸಿಕೊಳ್ಳುತ್ತದೆ. ಬಳಕೆಯಾಗುವ ವಿದ್ಯುತ್ತು ವೇಗಕ್ಕೆ ನೇರವಾಗಿಯೂ ವೋಲ್ಟೇಜಿನ ವರ್ಗಕ್ಕೆ ಅನುಗುಣವಾಗಿಯೂ ಇರುವುದರಿಂದ ಎರಡನ್ನೂ ಸ್ವಲ್ಪ ಸ್ವಲ್ಪ ತಗ್ಗಿಸಿದರೂ ಶಾಖ ಬಹಳಷ್ಟು ಕಡಿಮೆಯಾಗುತ್ತದೆ. ಇಷ್ಟಾದರೂ ಬಿಸಿ ಏರುತ್ತಲೇ ಹೋದರೆ ಕೊನೆಯ ಉಪಾಯವಾಗಿ ಯಂತ್ರ ಪೂರ್ತಿ ಆರಿಬಿಡುತ್ತದೆ. 2001ರಲ್ಲಿ ಟಾಮ್ಸ್ ಹಾರ್ಡ್‌ವೇರ್ ಜಾಲತಾಣದವರು ಆಟವೊಂದು ನಡೆಯುತ್ತಿರುವಾಗಲೇ ಪ್ರೊಸೆಸರಿನ ಮೇಲಿಂದ ಕೂಲರಿನ ಲೋಹದ ಭಾಗವಾದ ಹೀಟ್‌ಸಿಂಕ್ ಕಿತ್ತು ತೆಗೆದು ಚಿತ್ರೀಕರಿಸಿದ್ದರು: ಇಂಟೆಲ್‌ನ ಪೆಂಟಿಯಮ್ 4 ತೆವಳುವಷ್ಟು ನಿಧಾನಗೊಂಡರೂ ನಡೆಯುತ್ತಲೇ ಇತ್ತು, ಪೆಂಟಿಯಮ್ 3 ಸ್ತಬ್ಧವಾಯಿತು, ಆ ಕಾಲದ ಎಎಂಡಿ ಅಥ್ಲಾನ್ ಕೆಲವೇ ಸೆಕೆಂಡುಗಳಲ್ಲಿ ಹೊಗೆಯಾಡಿ ಸುಟ್ಟುಹೋಯಿತು. ಈಗ ಎರಡೂ ಕಂಪನಿಗಳ ಪ್ರೊಸೆಸರ್‌ಗಳು ಪೆಂಟಿಯಮ್ 4ರ ದಾರಿಯನ್ನೇ ಹಿಡಿದಿವೆ. ಅದರಿಂದ ಪ್ರೊಸೆಸರ್ ಉಳಿಯುತ್ತದೆ, ಸರಿ. ಆದರೆ ಹೊಗೆ ಬಂದಿದ್ದರೆ ಮೊದಲ ದಿನವೇ ಸಿಗುತ್ತಿದ್ದ ಕಳ್ಳ, ಕಂಪ್ಯೂಟರ್ ಸ್ವಲ್ಪ ಸ್ಲೋ ಆಗಿದೆ ಎಂಬ ವೇಷದಲ್ಲಿ ವರ್ಷಗಟ್ಟಲೆ ಮನೆಯೊಳಗೇ ಇದ್ದುಬಿಡುತ್ತಾನೆ.

ಧೂಳು ಕಟ್ಟಿಕೊಂಡ ಕೂಲರಿಗೂ ಸರಿಯಾಗಿ ತಾಗದ ಕೂಲರಿಗೂ ಇರುವ ವ್ಯತ್ಯಾಸವನ್ನು ಯಂತ್ರ ಬಿಚ್ಚುವ ಮುಂಚೆಯೇ ತಿಳಿಯಬಹುದು. ಧೂಳಿನಿಂದ ರೆಕ್ಕೆಗಳು ಮುಚ್ಚಿಹೋಗಿದ್ದರೆ ಅಥವಾ ಫ್ಯಾನ್ ನಿಂತಿದ್ದರೆ, ಶಾಖ ಪ್ರೊಸೆಸರಿನಿಂದ ಹೀಟ್‌ಸಿಂಕಿಗೆ ದಾಟುತ್ತದೆ, ಅಲ್ಲಿಂದ ಗಾಳಿಗೆ ಹೋಗಲಾರದೆ ಶೇಖರವಾಗುತ್ತದೆ. ಮುನ್ನೂರು ನಾನೂರು ಗ್ರಾಂ ತೂಗುವ ಲೋಹ ಕಾಯುವುದಕ್ಕೆ ಸಮಯ ಬೇಕಾದ್ದರಿಂದ ಉಷ್ಣಾಂಶ ನಿಮಿಷಗಟ್ಟಲೆ ನಿಧಾನವಾಗಿ ಏರುತ್ತದೆ, ಕೆಲಸ ನಿಲ್ಲಿಸಿದ ಮೇಲೂ ನಿಧಾನವಾಗಿಯೇ ಇಳಿಯುತ್ತದೆ. ಸ್ಪರ್ಶವೇ ಸರಿ ಇಲ್ಲದಿದ್ದರೆ ಕಾಯುವುದು ಉಗುರಿನಷ್ಟು ದೊಡ್ಡ ಸಿಲಿಕಾನ್ ಚೂರು ಮತ್ತು ಅದರ ಮೇಲಿನ ಮುಚ್ಚಳ ಮಾತ್ರ, ಅದಕ್ಕೆ ಒಂದೆರಡು ಸೆಕೆಂಡು ಸಾಕು. ಭಾವನ ಯಂತ್ರದಲ್ಲಿ ಪಿಡಿಎಫ್ ಮುಗಿದ ಮರುಕ್ಷಣವೇ ನೂರರಿಂದ ಎಪ್ಪತ್ತರ ಹತ್ತಿರಕ್ಕೆ ಧೊಪ್ಪನೆ ಬಿದ್ದಿತ್ತು. ಇನ್ನೊಂದು ಗುರುತೂ ಉಂಟು: ಕೂಲರ್ ಒಂದು ಬದಿಗೆ ವಾಲಿದ್ದರೆ ಕೆಲವು ಕೋರ್‌ಗಳು ಉಳಿದವಕ್ಕಿಂತ ಹತ್ತು ಹದಿನೈದು ಡಿಗ್ರಿ ಹೆಚ್ಚು ತೋರಿಸುತ್ತವೆ. ಕೋರ್‌ಗಳ ನಡುವೆ ಸಣ್ಣ ವ್ಯತ್ಯಾಸ ಸಹಜವಾದರೂ ಅಷ್ಟು ದೊಡ್ಡದು ಸಹಜವಲ್ಲ.

ಯಂತ್ರ ಆರಿಸಿ, ಪ್ಲಗ್ ಕಿತ್ತು, ಡಬ್ಬಿಯನ್ನು ಮೇಜಿನ ಮೇಲೆ ಅಡ್ಡ ಮಲಗಿಸಿದೆ. ಕೊಂಡಾಗ ಪ್ರೊಸೆಸರಿನ ಜೊತೆಗೇ ಬಂದಿದ್ದ ಕೂಲರ್, ನಾಲ್ಕು ಮೂಲೆಗಳಲ್ಲಿ ನಾಲ್ಕು ಪ್ಲಾಸ್ಟಿಕ್ ಪಿನ್‌ಗಳಿಂದ ಮದರ್‌ಬೋರ್ಡಿಗೆ ಸಿಕ್ಕಿಕೊಳ್ಳುವಂಥದು. 2004ರಲ್ಲಿ ಪ್ರೊಸೆಸರ್ ಕೂರಿಸುವ ಇಂಟೆಲ್‌ನ ಎಲ್‌ಜಿಎ 775 ಸಾಕೆಟ್‌ನೊಂದಿಗೆ ಬಂದ ಈ ಒತ್ತು ಪಿನ್‌ನ ಪದ್ಧತಿ ಇಂದಿಗೂ ಪೂರ್ತಿ ಹೋಗಿಲ್ಲ. ಪ್ರತಿ ಪಿನ್‌ನಲ್ಲಿ ಬಿಳಿಯ ಸೀಳುಗಾಲು ಒಂದು, ಅದರೊಳಗೆ ಇಳಿಯುವ ಕರಿಯ ಕಡ್ಡಿ ಒಂದು. ಬಿಳಿಯ ಕಾಲು ಬೋರ್ಡಿನ ತೂತಿನಲ್ಲಿ ಪೂರ್ತಿ ದಾಟಿದ ಮೇಲೆ ಕರಿಯ ಕಡ್ಡಿ ಒಳಗಿಳಿದು ಅದನ್ನು ಅರಳಿಸಬೇಕು, ಆಗ 'ಟಕ್' ಎಂಬ ಶಬ್ದ ಬರಬೇಕು. ಒತ್ತುವಾಗ ಬೋರ್ಡ್ ಬಾಗುವುದನ್ನು ಕಂಡು ಹೆದರಿ ಅರ್ಧಕ್ಕೇ ಕೈ ತೆಗೆಯುವವರೇ ಹೆಚ್ಚು. ಬೋರ್ಡನ್ನು ಮೊದಲೇ ಕ್ಯಾಬಿನೆಟ್ಟಿನೊಳಗೆ ಕೂರಿಸಿಬಿಟ್ಟಿದ್ದರೆ ಹಿಂದುಗಡೆ ನೋಡಲು ಆಗುವುದೇ ಇಲ್ಲ, ಮೇಲಿನಿಂದ ನಾಲ್ಕೂ ಒಂದೇ ರೀತಿ ಕಾಣುತ್ತವೆ. ನಾನು ಒಂದೊಂದನ್ನೇ ಹಿಡಿದು ಮೆಲ್ಲಗೆ ಮೇಲೆತ್ತಿ ನೋಡಿದೆ. ಎರಡು ಗಟ್ಟಿಯಾಗಿದ್ದವು. ಮೂರನೆಯದು ಅಲುಗಾಡುತ್ತಿತ್ತು. ನಾಲ್ಕನೆಯದು ಬೆರಳಿನ ಜೊತೆಗೇ ಎದ್ದು ಬಂದಿತು.

ಮೂರು ತಿಂಗಳ ಹಿಂದೆ ಅಂಗಡಿಯನ್ನು ಇಲ್ಲಿಗೆ ಸ್ಥಳಾಂತರಿಸಿದ್ದರು. ಗೂಡ್ಸ್ ಆಟೋದಲ್ಲಿ ಕುಲುಕಾಡಿ ಪಿನ್ ಕಳಚಿರಬೇಕೆಂದು ನಾನು ಹೇಳಿದೆ, ಭಾವನೂ ಒಪ್ಪಿದರು. ಆದರೆ ಕೂಲರನ್ನು ಬಿಡಿಸಿ ತಿರುಗಿಸಿ ನೋಡಿದಾಗ ಬೇರೆಯದೇ ಕಥೆ ಇತ್ತು. ಪೇಸ್ಟಿನ ಗುರುತನ್ನು ಓದುವುದು ಹಸಿ ಮಣ್ಣಿನ ಮೇಲಿನ ಹೆಜ್ಜೆ ಗುರುತನ್ನು ಓದಿದಂತೆ. ಎಲ್ಲಿ ಭಾರ ಬಿದ್ದಿದೆ, ಎಲ್ಲಿ ಬಿದ್ದಿಲ್ಲ ಎಂಬುದು ಅಚ್ಚಾಗಿರುತ್ತದೆ. ಕಾರ್ಖಾನೆಯಿಂದಲೇ ಈ ಕೂಲರಿನ ತಳಕ್ಕೆ ಬೂದು ಬಣ್ಣದ ಪೇಸ್ಟನ್ನು ಪಟ್ಟೆ ಪಟ್ಟೆಯಾಗಿ ಹಚ್ಚಿರುತ್ತಾರೆ, ಒತ್ತಿ ಕೂರಿಸಿದಾಗ ಪಟ್ಟೆಗಳು ಹರಡಿ ಒಂದಾಗುತ್ತವೆ. ಗಟ್ಟಿಯಿದ್ದ ಎರಡು ಪಿನ್‌ಗಳ ಕಡೆ ಪೇಸ್ಟ್ ತೆಳ್ಳಗೆ, ಲೋಹ ಇಣುಕುವಷ್ಟು ತೆಳ್ಳಗೆ ಹರಡಿತ್ತು. ನಡುವೆ ದಪ್ಪವಾಗುತ್ತ ಬಂದು, ಎದ್ದು ಬಂದ ಪಿನ್‌ನ ಮೂಲೆಯಲ್ಲಿ ಪಟ್ಟೆಯ ತುದಿ ಕಾರ್ಖಾನೆಯಲ್ಲಿ ಹಚ್ಚಿದ ಆಕಾರದಲ್ಲಿಯೇ, ಚೂಪಾದ ಅಂಚಿನೊಂದಿಗೆ, ಒಣಗಿ ಗಟ್ಟಿಯಾಗಿ ನಿಂತಿತ್ತು. ಆ ಮೂಲೆ ಪ್ರೊಸೆಸರನ್ನು ಒಂದು ದಿನವೂ ಮುಟ್ಟಿರಲಿಲ್ಲ. ಮೂರನೆಯ ಪಿನ್ ಆಟೋದಲ್ಲಿ ಸಡಿಲಗೊಂಡಿರಬಹುದು. ನಾಲ್ಕನೆಯದು ಯಂತ್ರವನ್ನು ಜೋಡಿಸಿದ ದಿನದಿಂದಲೂ ಒಳಗೆ ಹೋಗಿರಲಿಲ್ಲ. ಜೋಡಿಸಿಕೊಟ್ಟು ಆಗಲೇ ಎರಡು ವರ್ಷವಾಗಿತ್ತು.

ಸ್ಪರ್ಶ ಕೆಡುವುದಕ್ಕೆ ಪಿನ್ ಒಂದೇ ದಾರಿಯಲ್ಲ. ಕೂಲರಿನ ತಳಕ್ಕೆ ಅಂಟಿಸಿರುವ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು ತೆಗೆಯದೆ ಹಾಗೆಯೇ ಕೂರಿಸಿದವರನ್ನು ನಾನು ಕಂಡಿದ್ದೇನೆ, ಮೊದಲ ಸಲ ನಾನೇ ಹಾಗೆ ಮಾಡಿ ಅರ್ಧ ದಿನ ತಲೆ ಕೆಡಿಸಿಕೊಂಡಿದ್ದೇನೆ. ಸ್ಕ್ರೂ ಇರುವ ಕೂಲರಿನಲ್ಲಿ ಒಂದನ್ನೇ ಪೂರ್ತಿ ಬಿಗಿದು ಆಮೇಲೆ ಪಕ್ಕದ್ದಕ್ಕೆ ಹೋದರೆ ತಳ ವಾಲುತ್ತದೆ. ಎದುರುಬದುರು ಮೂಲೆಗಳಲ್ಲಿ ಸ್ವಲ್ಪ ಸ್ವಲ್ಪವೇ ಬಿಗಿಯುತ್ತ ಹೋಗಬೇಕು. ಹಳೆಯ ಕೂಲರನ್ನು ಹೊಸ ಯಂತ್ರಕ್ಕೆ ಹಾಕುವ ಉಳಿತಾಯದಲ್ಲಿಯೂ ಒಂದು ಬಲೆಯಿದೆ: ಇಂಟೆಲ್‌ನ ಹಿಂದಿನ ಸಾಕೆಟ್ಟಾದ ಎಲ್‌ಜಿಎ 1200ರಲ್ಲಿ ತೂತಿನಿಂದ ತೂತಿಗೆ 75 ಮಿಲಿಮೀಟರ್ ಇದ್ದದ್ದು ನಂತರದ ಎಲ್‌ಜಿಎ 1700ರಲ್ಲಿ 78 ಆಗಿದೆ, ಅದರ ಜೊತೆಗೆ ಪ್ರೊಸೆಸರಿನ ಎತ್ತರವೂ ತುಸು ತಗ್ಗಿದೆ. ಹಳೆಯ ಚೌಕಟ್ಟನ್ನು ಹೇಗೋ ಹೊಂದಿಸಿ ತೂರಿಸಿದರೂ ಒತ್ತಡ ಸಾಲುವುದಿಲ್ಲ. ಎಲ್‌ಜಿಎ 1700ರದು ಇನ್ನೂ ಒಂದು ರಗಳೆ. 2021ರ ಕೊನೆಯಲ್ಲಿ ಬಂದ ಆ ಪ್ರೊಸೆಸರ್‌ಗಳು ಹಿಂದಿನಂತೆ ಚೌಕವಾಗಿರದೆ 37.5 ಮಿಲಿಮೀಟರ್ ಅಗಲ, 45 ಮಿಲಿಮೀಟರ್ ಉದ್ದವಿದ್ದು, ಅವನ್ನು ಸಾಕೆಟ್ಟಿಗೆ ಒತ್ತಿ ಹಿಡಿಯುವ ಲೋಹದ ಚೌಕಟ್ಟು ನಡುಭಾಗದಲ್ಲಿ ಮಾತ್ರ ಎರಡು ಕಡೆ ಒತ್ತುವುದರಿಂದ ಮುಚ್ಚಳ ಅತಿ ಸೂಕ್ಷ್ಮವಾಗಿ ಬಾಗುತ್ತಿತ್ತು. ಕೂಲರ್ ಎಷ್ಟೇ ಬಿಗಿಯಾಗಿದ್ದರೂ ನಡುವೆ ಸಂದು ಉಳಿಯುತ್ತಿತ್ತು. ಹವ್ಯಾಸಿಗಳು ಚೌಕಟ್ಟಿನ ಕೆಳಗೆ ವಾಷರ್ ಇಟ್ಟು ನೋಡಿದರು, ಥರ್ಮಲ್ ಗ್ರಿಜ್ಲಿಯಂಥ ಕಂಪನಿಗಳು ಅಂಚಿನ ಸುತ್ತ ಸಮನಾಗಿ ಒತ್ತುವ ಬದಲಿ ಚೌಕಟ್ಟನ್ನೇ ಮಾರಿದವು. ಬಾಗುವುದು ನಿರೀಕ್ಷಿತ ಮಿತಿಯೊಳಗೇ ಇದೆ ಎಂಬುದು ಇಂಟೆಲ್‌ನ ನಿಲುವಾಗಿತ್ತು. ಇದರಿಂದ ಆಗುತ್ತಿದ್ದ ವ್ಯತ್ಯಾಸ ಕೆಲವೇ ಡಿಗ್ರಿಗಳದು. ಸಾಮಾನ್ಯ ಕೆಲಸಕ್ಕೆ ಅಷ್ಟು ತಲೆಬಿಸಿ ಅಗತ್ಯವಿಲ್ಲವೆಂದೇ ನನ್ನ ಅಭಿಪ್ರಾಯ. ನಾಲ್ಕನೆಯ ಪಿನ್ ಹಾಕದವನು ಮುಚ್ಚಳದ ಬಾಗು ಅಳೆಯುವುದರಲ್ಲಿ ಅರ್ಥವೂ ಇಲ್ಲ.

ಲ್ಯಾಪ್‌ಟಾಪ್‌ಗಳಲ್ಲಿ ಮುಚ್ಚಳವೇ ಇರುವುದಿಲ್ಲ, ಶಾಖವಾಹಕ ತಟ್ಟೆ ನೇರವಾಗಿ ಸಿಲಿಕಾನಿನ ಮೇಲೆ ಕೂರುತ್ತದೆ. ಶಾಖವನ್ನು ಅತ್ತಿತ್ತ ಹರಡುವ ಲೋಹ ನಡುವೆ ಇಲ್ಲವಾದ್ದರಿಂದ ಅಲ್ಲಿ ಸ್ಪರ್ಶದ ಚಿಕ್ಕ ದೋಷವೂ ದೊಡ್ಡದಾಗುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಆ ತಟ್ಟೆಯ ಸ್ಕ್ರೂಗಳ ಪಕ್ಕದಲ್ಲಿ 1, 2, 3, 4 ಎಂದು ಅಚ್ಚು ಹಾಕಿರುವುದು ಬಿಗಿಯುವ ಕ್ರಮಕ್ಕಾಗಿಯೇ. ಬಿಸಿಯಾಗಿ ಆರಿ, ಬಿಸಿಯಾಗಿ ಆರಿ ಪೇಸ್ಟ್ ನಿಧಾನವಾಗಿ ಅಂಚಿಗೆ ಜಾರಿಹೋಗುವುದೂ ಅಲ್ಲಿ ಹೆಚ್ಚು.

ಇನ್ನು ಪೇಸ್ಟಿನ ವಿಷಯ. ಹೆಚ್ಚು ಹಚ್ಚಿದಷ್ಟೂ ಒಳ್ಳೆಯದು ಎಂಬ ನಂಬಿಕೆ ನಮ್ಮಲ್ಲಿ ಬಲವಾಗಿದೆ. ಪೇಸ್ಟ್ ಎಂಬ ಹೆಸರೇ ಜನರನ್ನು ಹಲ್ಲುಜ್ಜುವ ಅಳತೆಗೆ ಕೊಂಡೊಯ್ಯುತ್ತದೋ ಏನೋ. ಒತ್ತಡ ಸರಿಯಾಗಿದ್ದರೆ ಹೆಚ್ಚಾದದ್ದು ಬದಿಗೆ ಹರಿದು ಗಲೀಜಾಗುತ್ತದೆ ಅಷ್ಟೇ, ಒತ್ತಡ ಇಲ್ಲದಿದ್ದರೆ ಎಷ್ಟು ದುಬಾರಿಯ ಪೇಸ್ಟ್ ಹಾಕಿದರೂ ಅದು ದಪ್ಪ ಪದರವಾಗಿಯೇ ಉಳಿದು ಉಪಕಾರಕ್ಕೆ ಬರುವುದಿಲ್ಲ. ಅದಕ್ಕಿಂತ ಮುಖ್ಯವಾದದ್ದು, ಒಮ್ಮೆ ಎತ್ತಿದ ಕೂಲರನ್ನು ಹಳೆಯ ಪೇಸ್ಟಿನ ಮೇಲೆಯೇ ಮತ್ತೆ ಕೂರಿಸಬಾರದು. ಒಡೆದ ಪದರದೊಳಗೆ ಗಾಳಿ ಸೇರಿಕೊಳ್ಳುತ್ತದೆ. ಮೆಡಿಕಲ್ ಸ್ಟೋರಿನಲ್ಲಿ ಐಸೊಪ್ರೊಪೈಲ್ ಆಲ್ಕೊಹಾಲ್ ಸಿಕ್ಕಿತು. ಅಕ್ಕನ ಹಳೆಯ ಹತ್ತಿ ಸೀರೆಯ ತುಂಡಿನಿಂದ ಎರಡೂ ಮೇಲ್ಮೈಗಳನ್ನು ಹೊಳೆಯುವ ತನಕ ಒರೆಸಿ, ಮುಚ್ಚಳದ ನಡುವೆ ಬಟಾಣಿ ಕಾಳಿನಷ್ಟು ಹೊಸ ಪೇಸ್ಟ್ ಇಟ್ಟೆ. ನಂತರ ಬೋರ್ಡನ್ನೇ ಹೊರತೆಗೆದು, ಪಿನ್‌ಗಳನ್ನು ಎದುರುಬದುರಾಗಿ ಎರಡೆರಡರಂತೆ ಒತ್ತಿ, ಬೋರ್ಡನ್ನು ಬೆಳಕಿಗೆ ಹಿಡಿದು ಹಿಂದುಗಡೆ ನಾಲ್ಕೂ ಬಿಳಿಯ ಕಾಲುಗಳು ಅರಳಿ ನಡುವೆ ಕರಿಯ ಕಡ್ಡಿ ಇಳಿದಿರುವುದನ್ನು ಭಾವನಿಗೂ ತೋರಿಸಿದೆ.

ಯಂತ್ರ ಹೊತ್ತಿಸಿದಾಗ ಸುಮ್ಮನಿದ್ದಾಗಿನ ಅಂಕಿ 41. ಪೂರ್ತಿ ಕೆಲಸ ಕೊಟ್ಟು ಹದಿನೈದು ನಿಮಿಷ ಬಿಟ್ಟಾಗ 65 ವಾಟ್ ಬಳಸುತ್ತ, 3.8 ಗಿಗಾಹರ್ಟ್ಸ್ ವೇಗದಲ್ಲಿ, ಅದೇ 35 ಡಿಗ್ರಿಯ ಕೋಣೆಯಲ್ಲಿ 77ಕ್ಕೆ ನಿಂತಿತು. ಪ್ರತಿ ವಾಟ್‌ಗೆ 0.65 ಡಿಗ್ರಿ. 50 ಸೆಕೆಂಡ್ ಹಿಡಿಯುತ್ತಿದ್ದ ಲಗ್ನಪತ್ರಿಕೆ 29 ಸೆಕೆಂಡಿಗೆ ಮುಗಿಯಿತು. ಭಾವ ನಾನು ಮಾಡಿದಂತೆಯೇ ಬೆರಳನ್ನು ರೆಕ್ಕೆಗಳ ಬುಡಕ್ಕೆ ಒತ್ತಿ ನೋಡಲು ಹೋಗಿ ಥಟ್ಟನೆ ಕೈ ಹಿಂದೆಗೆದುಕೊಂಡರು. "ಮೊದಲಿಗಿಂತ ಜಾಸ್ತಿ ಬಿಸಿ ಆಗಿದೆಯಲ್ಲೋ ಇದು!" ಶಾಖ ಬರಬೇಕಾದ ಜಾಗಕ್ಕೆ ಈಗ ಬಂದಿದೆ ಭಾವ, ಅಷ್ಟು ದಿನ ಒಳಗೇ ಕೂತಿತ್ತು, ಎಂದು ನಾನು ಹೇಳಿದೆ.

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಈ ಯಂತ್ರ ತಂದ ಹೊಸತರಲ್ಲಿ, ಹಳೆಯದಕ್ಕಿಂತ ಅಂಥಾ ವೇಗವೇನೂ ಕಾಣುತ್ತಿಲ್ಲ ಎಂದು ತಾವು ಹೇಳಿದ್ದಕ್ಕೆ ಎಲ್ಲರೂ ನಕ್ಕಿದ್ದರೆಂಬುದು ಅವರಿಗೆ ನೆನಪಾಗಿತ್ತು. ನಕ್ಕವರಲ್ಲಿ ನಾನೂ ಒಬ್ಬ. ಆಮೇಲೆ ಫೋನ್ ತೆಗೆದು ಎಸ್‌ಎಂಪಿಎಸ್ ತರಲು ಹೇಳಿದ್ದವರಿಗೆ ಬೇಡವೆಂದು ತಿಳಿಸಿ, ಹರಿಹರದ ಗಿರಾಕಿಯ ಪತ್ರಿಕೆಯನ್ನು ತೆರೆದು ಕೂತರು.